ಯಾರಿಗೂ ಅಂಟೂದಿಲ್ಲ

ಡಿಸೆಂಬರ್ ೯, ಮಂಗಳವಾರ

ಕೈ ಇವತ್ತೂ ಕೆಂಪಗಾಗಿ ಉರ್ಯಾಕತ್ತ್ಯಾವ. ಅತ್ತಿ ಇದಕ್ಕ ನಾಗದೋಷ ಅಂತಾರ. ನಾದಿನಿ ರಂಜನಿ ಹಡೆದಾಗಿಂದ ಕೂಸಿಗೂ ತಗಲ್ತದಂತ ಅತ್ತಿ ಅದನ್ನ ನನಗ ಮುಟ್ಟಾಕ ಕೊಟ್ಟಿಲ್ಲ. ಅದರ ಅರಿವಿ ತೊಳ್ಯಾಕ ಮಾತ್ರ ಈ ಕೈನೇ ಬೇಕು!

ಇವತ್ತು ಒಬ್ಬಾಕಿನೇ ಯಾದಗಿರಿಗೆ ಹೋಗಿ ತೋರಿಸಿದೆ. "ಅರಿವಿ ತೊಳಿಯೋ ಪೌಡರಿನಿಂದ ಚರ್ಮ ಒಣಗಿ ಒಡದದಮ್ಮ. ಯಾರಿಗೂ ಅಂಟೂದಿಲ್ಲ. ಮುಲಾಮು ಹಚ್ಚು, ಪೌಡರ್ ಮುಟ್ಟಬ್ಯಾಡ," ಅಂದ್ರು ಡಾಕ್ಟರಮ್ಮ.

ಮನಿಗೆ ಬಂದು ಅತ್ತಿಗೆ ಅದನ್ನೇ ಹೇಳಿದೆ.

"ಹಂಗಾರ ಅರಿವಿ ಯಾರು ತೊಳೀಬೇಕು?"

"ನಿಮ್ಮ ಮಗ ತೊಳೀಲಿರಿ. ಅವರಿಗೂ ಎರಡು ಕೈ ಅದಾವ," ಅಂದೆ. ಅಲ್ಲೇ ಕುಂತಿದ್ದ ಇವರು ಎದ್ದು ಬಕೀಟು ಎತ್ಕೊಂಡು ಹೋದ್ರು.

ಆಮ್ಯಾಗ ಯಾರನ್ನೂ ಕೇಳದ ಕೂಸಿನ್ನ ಎತ್ಕೊಂಡೆ. ಅತ್ತಿ ಬಾಯಿ ತೆರೆಯೂದ್ರೊಳಗ ರಂಜನಿ, "ಇರ್ಲಿ ಬಿಡವ್ವ," ಅಂದ್ಲು. ಎಷ್ಟು ಹಗೂರ ಅದ ಆ ಕೂಸು!

ತುರಿಕಿ ಇನ್ನೂ ನಿಂತಿಲ್ಲ. ನಿಲ್ಲಲಿ, ಬಿಡಲಿ, ನಾಳಿನೂ ಎತ್ಕೋತೀನಿ.