ಮಗಳು ಕಾರಲ್ಲ

ರೀ,

ನಾನು ಕೆಲಸಕ್ಕೆ ಹೊರಟೆ. ಇವತ್ತು ಪುಟ್ಟಿಗೆ ಸ್ನಾನ ಮಾಡಿಸೋರು ನೀವು, ಅದಕ್ಕೇ ಈ ಚೀಟಿ.

ಅವಳಿಗೆ ಉಚ್ಚೆ ಹೊಯ್ಯೋ ಜಾಗ ಕೆಂಪಾಗಿ ತುರಿಸ್ತಿರೋದು ಕೊಳೆಯಿಂದಲ್ಲ, ಟಬ್ಬಿನಲ್ಲಿ ನೀವು ಎಬ್ಬಿಸೋ ನೊರೆಯಿಂದ. ಹೇಳಿದ್ದು ಡಾಕ್ಟರಮ್ಮ, ನಾನಲ್ಲ. ದಿನವಿಡೀ ಕಾರು ತೊಳೆಯೋರಿಗೆ ನೊರೆ ಕಂಡರೇ ಸಮಾಧಾನ, ಒಪ್ಪಿದೆ. ಆದರೆ ಮಗಳು ಕಾರಲ್ಲ.

ಬರೀ ಉಗುರುಬೆಚ್ಚಗಿನ ನೀರು ಸಾಕು. ಆ ಜಾಗಕ್ಕೆ ಸೋಪು, ಪೌಡರು ಏನೂ ಬೇಡ. ಟವಲನ್ನ ಮೆತ್ತಗೆ ಒತ್ತಿ ಒರೆಸಿ, ತಿಕ್ಕಬೇಡಿ. ಸಡಿಲವಾದ ಹತ್ತಿ ಚಡ್ಡಿ ಮಂಚದ ಮೇಲಿದೆ. ಮಿಂಚೋ ಬಿಗಿ ಪ್ಯಾಂಟನ್ನ ಬೀರು ಮೇಲಕ್ಕೆ ಎಸೆದಿದ್ದೀನಿ, ಎಷ್ಟೇ ಅತ್ತರೂ ತೆಗೆದುಕೊಡಬೇಡಿ. ಕಕ್ಕಸಿಗೆ ಹೋದರೆ ಮುಂದಿನಿಂದ ಹಿಂದಕ್ಕೆ ಒರೆಸಿಕೋ ಅಂತ ನೆನಪಿಸಿ. ರಕ್ತ, ಜ್ವರ, ಕೆಟ್ಟ ವಾಸನೆ ಏನಾದರೂ ಕಂಡರೆ ಸೀದಾ ಡಾಕ್ಟರಮ್ಮನ ಹತ್ರ ಹೋಗಿ, ನಿಮ್ಮ ಬುದ್ಧಿ ಓಡಿಸಬೇಡಿ.

ನೊರೆಯ ಬಾಟಲಿ ಹುಡುಕಬೇಡಿ. ಅದನ್ನ ನಿಮ್ಮ ಶೆಡ್ಡಿಗೇ ಕಳಿಸಿದ್ದೀನಿ.

ಇನ್ನೊಂದು. ನಿನ್ನೆ ಮಲಗೋವಾಗ ಕೇಳಿದಳು, "ಅಪ್ಪ ನಂಗೆ ಕಾರಿಗಿಂತ ಜಾಸ್ತಿ ಸೋಪು ಹಾಕ್ತಾರಲ್ಲ, ನಾನು ಅಷ್ಟು ಗಲೀಜಾ?" ಇಲ್ಲ ಪುಟ್ಟಿ ಅಂದೆ. ನಂಬಲಿಲ್ಲ.

ಅದನ್ನ ನೀವೇ ಹೇಳಬೇಕು. ನೀರು ಹಾಕೋಕೆ ಮುಂಚೆ.