ಹೊರನಾಡಿನ ನಿನ್ನ ರುದ್ರಾಕ್ಷಿ ಅಂಗಡಿ

ಬಾಲರಾಜ,

ನೀನು ದೇವಸ್ಥಾನದ ದಾರಿಯಲ್ಲಿ ರುದ್ರಾಕ್ಷಿ ಮಾರಲು ಕೂತೆ ಎಂದು ತಿಳಿದ ದಿನವೇ ನಿನ್ನ ಜೊತೆ ಮಾತು ಬಿಟ್ಟವನು ನಾನು. ಈ ಕಾಗದವನ್ನೂ ಕಳಿಸುವುದಿಲ್ಲ. ಆದರೆ ಇವತ್ತು ನಡೆದದ್ದನ್ನು ಹೇಳಿಕೊಳ್ಳಲು ಕಳಸದಲ್ಲಿ ನನಗೆ ಬೇರೆ ಯಾರೂ ಇಲ್ಲ.

ಜಗಳವಾಡಲೆಂದೇ ಹೊರನಾಡಿಗೆ ಬಂದಿದ್ದೆ. ರುದ್ರಾಕ್ಷಿಯ ಹೆಸರಲ್ಲಿ ನಡೆಯುವ ಮೋಸದ ಬಗ್ಗೆ ನಾವಿಬ್ಬರೂ ಸೇರಿ ಬರೆದು ಬಸ್‌ಸ್ಟ್ಯಾಂಡಿನಲ್ಲಿ ಹಂಚುತ್ತಿದ್ದ ಕರಪತ್ರವನ್ನು ನಿನ್ನ ಮುಖಕ್ಕೆ ಹಿಡಿಯಬೇಕೆಂದಿದ್ದೆ. ನೀನಿರಲಿಲ್ಲ. ಅಂಗಡಿಯಲ್ಲಿದ್ದ ನಿನ್ನ ಹೆಂಡತಿ ನನ್ನನ್ನು ಎಂದೂ ನೋಡಿದವಳಲ್ಲ, ಗಿರಾಕಿ ಅಂದುಕೊಂಡಳು.

"ಅಸಲಿ ಆದ್ರೆ ನೀರಲ್ಲಿ ಮುಳುಗ್ಬೇಕಲ್ವಾ?" ಎಂದು ಕೆಣಕಿದೆ.

"ಅದೆಲ್ಲ ಸುಳ್ಳು ಅಣ್ಣ. ಒಣಗಿದ್ರೆ ಅಸಲಿನೂ ತೇಲತ್ತೆ. ಈ ದೊಡ್ಡದು ನೇಪಾಳದ್ದು, ಸಣ್ಣದು ಇಂಡೋನೇಷ್ಯಾದ್ದು. ಏಕಮುಖಿ ಬೇಕಾದ್ರೆ ಬೇರೆ ಕಡೆ ಹೋಗಿ. ಏಕಮುಖಿ ಅಂತ ಮಾರೋ ಆ ಗೋಡಂಬಿ ತರದ್ದು ಬೇರೆ ಮರದ ಕಾಯಿ, ಅದನ್ನ ಮಾರಕ್ಕೆ ನಮ್ಮನೆಯವ್ರು ಬಿಡಲ್ಲ."

ಎಲ್ಲವೂ ನಮ್ಮ ಕರಪತ್ರದ ಮಾತು. ರೋಗ ವಾಸಿಯಾಗುತ್ತದೆ ಎಂದಿದ್ದರೆ ಅಲ್ಲೇ ಕೂಗಾಡುತ್ತಿದ್ದೆ. ಅವಳು ಅನ್ನಲಿಲ್ಲ.

"ಇದೆಲ್ಲ ಯಾರು ಕಲಿಸಿದ್ದು?"

"ಇವ್ರಿಗೊಬ್ರು ಗೆಳೆಯ ಇದ್ರಂತೆ, ಭಾರಿ ಓದಿದವ್ರು. ಅಂಗಡಿ ಇಟ್ಟಿದ್ದಕ್ಕೆ ಸಿಟ್ಟು ಮಾಡ್ಕೊಂಡು ಹೋದ ಮಾರಾಯ್ರು ಒಂದಿನಾನೂ ತಿರುಗಿ ನೋಡ್ಲಿಲ್ಲ. ಇವ್ರು ಮಾತ್ರ ಹೊಸ ಮಾಲು ಬಂದಾಗೆಲ್ಲ, 'ಅವನಿದ್ದಿದ್ರೆ ತೋರಿಸ್ಬಹುದಿತ್ತು' ಅಂತಾರೆ."

ನಾನು ಒಂದು ಪಂಚಮುಖಿ ಕೊಂಡೆ. ಯಾಕೆಂದು ಕೇಳಬೇಡ.

"ಇವ್ರು ಈಗ ಬಂದ್ಬಿಡ್ತಾರೆ, ಕಾಫಿ ಕುಡ್ಕೊಂಡು ಹೋಗಿ. ನಿಮ್ಮ ಹೆಸರೇನಣ್ಣ?"

ಕರಪತ್ರದ ಕೊನೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿಕೊಂಡ ಹೆಸರು ಬಾಯಿಂದ ಹೊರಡಲಿಲ್ಲ. ಯಾರದೋ ಹೆಸರು ಹೇಳಿ ಕಳಸದ ಬಸ್ಸು ಹತ್ತಿದೆ.