ಒಂದೇ ಮಗ್ಗುಲಿನ ತಗ್ಗು

ಮಾರ್ಚ್ 4, ಬೆಳಿಗ್ಗೆ
ಆರು ದಿಂಬು ಮುಗಿಸಿದೆ. ಹತ್ತಿ ಧೂಳಿಗೆ ಮತ್ತೆ ಕೆಮ್ಮು. ಔಷಧಿ ಅಂಗಡಿಯಾಕೆ ವ್ಯಾನಿನಲ್ಲಿ ಡಬಲ್ ಹಾಸಿಗೆ ಹಾಕಿಸಿಕೊಂಡು ಬಂದರು. ಗಂಡ ತೀರಿಹೋಗಿ ವರ್ಷವಾಯಿತು. ಚಿಕ್ಕ ರೂಮಿಗೆ ಹೋಗುತ್ತಾರಂತೆ, ಸಿಂಗಲ್ ಮಂಚ. ಅರ್ಧಕ್ಕೆ ಕತ್ತರಿಸಿ ಎಡಗಡೆ ಭಾಗ ಕೊಡಿ, ಹತ್ತಿ ಮಾತ್ರ ಬಿಚ್ಚಬೇಡಿ ಅಂದರು. ಖರ್ಚಿಗೆ ಹೆದರಿರಬೇಕು.
ಹೋಗುವಾಗ ಕೇಳಿದರು, "ಉಪ್ಪು ಕಮ್ಮಿ ಮಾಡಿದ್ರಾ, ಇಲ್ವಾ?" ಬಿಪಿ ಮಾತ್ರೆ ಕೊಡುವಾಗಲೂ ಅದೇ ಪ್ರಶ್ನೆ. ನನ್ನನ್ನು ಹಾಗೆ ಕೇಳುವವರು ಬೇರೆ ಯಾರಿದ್ದಾರೆ...

ಸಂಜೆ
ಹಾಸಿಗೆ ಹರಡಿ ನೋಡಿದೆ. ನನ್ನದು ನಲವತ್ತೈದು ವರ್ಷದ ಕೆಲಸ. ತಗ್ಗು ನೋಡಿದರೆ ಸಂಸಾರ ಗೊತ್ತಾಗುತ್ತದೆ — ಗಂಡ ಯಾವ ಕಡೆ, ಹೆಂಡತಿ ಯಾವ ಕಡೆ. ಇದರಲ್ಲಿ ಎಡಗಡೆ ಒಂದೇ ತಗ್ಗು. ಬಲಗಡೆ ಹೊಸದರ ಹಾಗಿದೆ. ಗಂಡ ಬದುಕಿದ್ದಾಗಲೂ ಒಬ್ಬರೇ ಮಲಗಿದ ಹೆಂಗಸು. ನನ್ನ ಹಾಗೆ.

ಮಾರ್ಚ್ 5
ತಂಗಿಯ ಫೋನ್. ಔಷಧಿ ಅಂಗಡಿಯಾಕೆಯನ್ನು ಮದುವೆಗೆ ಕೇಳಬೇಕು ಅಂತಿದ್ದೇನೆ ಅಂತ ಹೇಳಬಾರದಿತ್ತು, ಹೇಳಿದೆ. ನಕ್ಕಳು. "ಹುಚ್ಚು ಹಿಡೀತಾ ಅಣ್ಣ? ಇಷ್ಟು ದಿನ ಬ್ರಹ್ಮಚಾರಿ ಅಂತ ಮರ್ಯಾದೆಯಿಂದ ಇದ್ದೆ."
ಮಣ್ಣು ಮರ್ಯಾದೆ. ನಾನೇನು ವ್ರತ ಹಿಡಿದಿದ್ದೆನಾ? ಸಂಬಂಧ ಕೇಳಿದ ಮೂರು ಮನೆಯವರೂ ನನ್ನ ಕೆಮ್ಮು ಕೇಳಿ ಟಿಬಿ ಅಂದುಕೊಂಡರು. ಆಮೇಲೆ ಯಾರೂ ಬಾಗಿಲು ತೆರೆಯಲಿಲ್ಲ. ಅರವತ್ತೊಂದಾಯಿತು. ಚಿಲ್ಲರೆ ಕೊಡುವಾಗ ಹೆಂಗಸರ ಬೆರಳು ತಾಗುತ್ತದಲ್ಲ, ನನಗೆ ಗೊತ್ತಿರುವುದು ಅಷ್ಟೇ.
ಫೋನ್ ಕುಕ್ಕಿದೆ.

ಮಾರ್ಚ್ 9
ಬೇರೆ ಆರ್ಡರ್ ಮುಟ್ಟಿಲ್ಲ. ಎಡಗಡೆ ಭಾಗ ಬಿಚ್ಚಿ, ಹತ್ತಿ ಪೂರ್ತಿ ಹಿಂಜಿ, ಬಿಸಿಲಿಗೆ ಹಾಕಿ ಮತ್ತೆ ತುಂಬಿದೆ. ಹೊಸ ನೀಲಿ ಬಟ್ಟೆ. ತಗ್ಗಿನ ಗುರುತೇ ಇಲ್ಲ. ಇಂಥ ಹಾಸಿಗೆ ನನ್ನ ಕೈಯಿಂದ ಹಿಂದೆ ಬಂದಿಲ್ಲ.
ನಾಳೆ ಬರುತ್ತಾರೆ. ಕೇಳಿಯೇ ಬಿಡುತ್ತೇನೆ.

ಮಾರ್ಚ್ 10, ಮಧ್ಯಾಹ್ನ
ಬಂದರು. ಹಾಸಿಗೆಯ ಮೇಲೆ ಅಂಗೈ ಆಡಿಸಿದರು. ಮತ್ತೆ ಆಡಿಸಿದರು, ಏನೋ ಕಳೆದುಕೊಂಡವರ ಹಾಗೆ. ಬಿಚ್ಚಿದಿರಾ ಅಂದರು. ಹೂಂ, ದುಡ್ಡು ಬೇಡ, ನನ್ನ ಕಡೆಯಿಂದ ಅಂದೆ. ಒಬ್ಬರೇ ಮಲಗಿ ಬಿದ್ದ ತಗ್ಗು, ಯಾಕೆ ಇಟ್ಟುಕೊಳ್ಳಬೇಕು ಅಂತಲೂ ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.
ಸ್ಟೂಲಿನ ಮೇಲೆ ಕುಳಿತರು. ಅಳಲಿಲ್ಲ, ಬೈಯಲೂ ಇಲ್ಲ.
"ಒಬ್ಬರೇ ಅಲ್ಲ. ನಾವಿಬ್ರೂ ಒಂದೇ ಮಗ್ಗುಲಲ್ಲಿ ಮಲಗ್ತಿದ್ವಿ. ಇಪ್ಪತ್ತೆಂಟು ವರ್ಷ."
ಇಬ್ಬರು ಸೇರಿ ಒಂದು ತಗ್ಗು. ಹೆಂಡತಿ ಇರುವ ಯಾವನಿಗಾದರೂ ಹೊಳೆಯುತ್ತಿತ್ತು.
ವ್ಯಾನಿಗೆ ನಾನೇ ಹಾಕಿದೆ. ಅವರು ಉಪ್ಪಿನ ವಿಷಯ ಕೇಳಲಿಲ್ಲ.

ಮಾರ್ಚ್ 31
ಮಾತ್ರೆ ಮುಗಿದು ಐದು ದಿನ. ಆ ಅಂಗಡಿಗೆ ಹೋಗಲು ಮುಖ ಇಲ್ಲ. ಬಲಗಡೆ ಭಾಗ ಇಲ್ಲೇ ಬಿಟ್ಟುಹೋಗಿದ್ದಾರೆ. ಅದರ ಮೇಲೇ ಮಲಗುತ್ತಿದ್ದೇನೆ. ಗಟ್ಟಿ. ಎಲ್ಲೂ ತಗ್ಗಿಲ್ಲ. ಇವತ್ತು ಅಂಚಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ನೋಡಿದೆ, ಹೇಗಿರುತ್ತದೆ ಅಂತ. ಕೈ ಎಲ್ಲಿಡಬೇಕು ಅನ್ನುವುದು ಕೂಡ ಗೊತ್ತಾಗಲಿಲ್ಲ.